ಎರಡು ತೂತು ಒಳಕ್ಕೆ

ಮೊದಲು ನೀರಿಗೆ ಕೈ ಹಾಕು, ಮೆರನ್.
ಬೆರಳಲ್ಲ. ಬೆರಳು ಸುಳ್ಳು ಹೇಳುತ್ತದೆ,
ನಲವತ್ತು ವರ್ಷ ಸೋಪು ತಿಂದ ನನ್ನ ಬೆರಳಂತೂ ಮಹಾಸುಳ್ಳಿ.
ಮಣಿಕಟ್ಟು ಅದ್ದು.
ಬಿಸಿ ಅನ್ನಿಸಿದರೆ ಕಾಯಬೇಕು,
ತಣ್ಣಗನ್ನಿಸಿದರೆ ಕೆಟಲಿನಿಂದ ಇನ್ನೊಂದು ಲೋಟ.
ಏನೂ ಅನ್ನಿಸದಿದ್ದರೆ
ಅದೇ ಸರಿ.

ತೊಳೆಯುವ ನೀರು ಹೇಗೋ ಜಾಲಿಸುವ ನೀರೂ ಹಾಗೆ.
ಬೆಚ್ಚಗಿನದರಿಂದ ಎತ್ತಿ ತಣ್ಣೀರಿಗೆ ಹಾಕಿದೆಯೋ,
ಉಣ್ಣೆ ಬೆಚ್ಚಿಬೀಳುತ್ತದೆ.
ಎಳೆ ಎಳೆಗೂ ಹುರುಪೆಯುಂಟು, ಹೆರಿಂಗ್ ಮೀನಿಗಿದ್ದ ಹಾಗೆ,
ಕಣ್ಣಿಗೆ ಕಾಣವು;
ಬೆಚ್ಚಿದ ಕೂಡಲೇ ನಿಮಿರಿ ಒಂದನ್ನೊಂದು ಕಚ್ಚುತ್ತವೆ.
ಕಚ್ಚಿದ್ದನ್ನು ಬಿಡಿಸುವವರು
ಶೆಟ್‌ಲೆಂಡಿನಲ್ಲಿ ಇನ್ನೂ ಹುಟ್ಟಿಲ್ಲ.

ಉಜ್ಜಬೇಡ, ಹಿಂಡಬೇಡ. ಒತ್ತು, ಸಾಕು,
ಅಳುವವರ ಬೆನ್ನ ಮೇಲೆ ಕೈಯಿಟ್ಟ ಹಾಗೆ.
ಹೆಗಲು ಹಿಡಿದು ಎತ್ತಲೂಬೇಡ,
ಕುಡಿದದ್ದು ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ.
ಶನಿವಾರ ರಾತ್ರಿ ನನ್ನ ಗಂಡನನ್ನು ಎತ್ತುತ್ತಿದ್ದೆನಲ್ಲ,
ಹಾಗೆ, ಅಡಿಗೆ ಕೈಕೊಟ್ಟು.

ಟವೆಲಿನಲ್ಲಿ ಸುರುಳಿ ಸುತ್ತು, ಮೇಲೆ ಮಂಡಿಯೂರು.
ಇನ್ನು ಹಲಗೆ.
ಮರದ ಎದೆ, ಮರದ ತೋಳು, ಬದಿಗೆ ತೂತಿನ ಸಾಲು.
ಹಿಗ್ಗಬೇಡ, ಕುಗ್ಗಬೇಡ ಅಂತ ಮನುಷ್ಯರಿಗೆ ಹೇಳಬಹುದು,
ಉಣ್ಣೆಗೆ ಗೂಟವೇ ಆಗಬೇಕು.
ಯಾರದು ಎಷ್ಟನೆಯ ತೂತು, ಪೆನ್ಸಿಲಿನಲ್ಲಿ ಬರೆದಿದೆ ನೋಡು:
ಟೀಚರ್ ಊನಾ ಐದು.
ಸಿನ್ನಿ ಒಂಬತ್ತು, ಬಸುರಿಯಾದಾಗ ಹನ್ನೊಂದು, ಮತ್ತೆ ಒಂಬತ್ತು.
ಮ್ಯಾನ್ಸಿ ಹಾಲ್ಕ್ರೊ ಹನ್ನೆರಡು. ಆ ಎದೆಗೆ ಈ ಹಲಗೆ ಸಾಲದು ಅನ್ನುತ್ತಿದ್ದೆವು.
ತೊಡಿಸಿ, ಹೊರಗೆ ಗೋಡೆಗೆ ಆನಿಸಿಡು.
ಉಳಿದದ್ದು ಗಾಳಿಯ ಪಾಲು. ಇಲ್ಲಿ ಗಾಳಿಗೆ ರಜೆಯಿಲ್ಲ.

ಎಲ್ಲರದೂ ಒಂದೇ ದೂರು.
ಮಿಶಿನ್ನಿಗೆ ಹಾಕಿ, ಗೊಂಬೆಗೆ ಆಗುವಷ್ಟು ಮಾಡಿಕೊಂಡು,
ಓಸ್ಲಾ, ಕುಗ್ಗಿಹೋಯಿತು ಅಂತ ಬಂದು ನಿಲ್ಲುತ್ತಾರೆ.
ಹೋದ ಮೇ ತಿಂಗಳು ಮ್ಯಾನ್ಸಿ ಬಂದ.
"ಹಿಗ್ಗಿಸಿಬಿಟ್ಟಿದ್ದೀಯ," ಅಂದ.
ತೊಟ್ಟು ತೋರಿಸಿದ. ತೋಳು ಬೆರಳ ತುದಿ ದಾಟಿತ್ತು,
ಕುತ್ತಿಗೆಯ ಪಟ್ಟಿಯಲ್ಲಿ ಇನ್ನೊಂದು ಕುತ್ತಿಗೆಗೆ ಜಾಗವಿತ್ತು.
ಹನ್ನೆರಡಕ್ಕೇ ಹಾಕಿದ್ದು, ಪ್ರತಿವರ್ಷದ ಹಾಗೆ,
ಅನ್ನಲು ಬಾಯಿ ತೆರೆದೆ.
ಅವನ ಹಿಂದೆ ಬಾಗಿಲಲ್ಲಿ ಅವನ ತಂಗಿ
ತಲೆ ಅಲ್ಲಾಡಿಸಿದಳು, ಚೂರೇ ಚೂರು.
"ಹೌದು ಕಣಯ್ಯಾ," ಅಂದೆ, "ನನ್ನದೇ ತಪ್ಪು. ಬಿಟ್ಟುಹೋಗು."

ಆ ರಾತ್ರಿ ಕೆಟಲ್ ಎರಡು ಸಲ ಕುದಿಸಿದೆ.
ಮಣಿಕಟ್ಟು ಒಲ್ಲೆನೆನ್ನುವಷ್ಟು ಬಿಸಿ,
ಆಮೇಲೆ ನಲ್ಲಿಯ ನೀರು, ಹಲ್ಲು ಕಡಿಯುವಂಥದ್ದು.
ನಿನಗೆ ಬೇಡ ಅಂದದ್ದನ್ನೆಲ್ಲ ಮಾಡಿದೆ,
ಉಜ್ಜಿದೆ, ಹಿಂಡಿದೆ, ಮತ್ತೆ ಬಿಸಿಗೆ ಅದ್ದಿದೆ.
ಹುರುಪೆಗಳು ಕಚ್ಚುವ ಸದ್ದು ಕೇಳಿಸಿತು ಅಂದರೆ ಸುಳ್ಳಾದೀತು,
ಬೆರಳಿಗೆ ಗೊತ್ತಾಯಿತು. ಹೌದು, ಈ ಸುಳ್ಳಿ ಬೆರಳಿಗೇ.
ಕುಗ್ಗದಂತೆ ಕಾಯುವುದನ್ನು ಅತ್ತೆ ಕಲಿಸಿದ್ದಳು,
ಎಲ್ಲಿಗೆ ನಿಲ್ಲಿಸಬೇಕೆಂದು ಯಾರೂ ಕಲಿಸಿರಲಿಲ್ಲ.
ಗೂಟ ಎರಡು ತೂತು ಒಳಕ್ಕೆ.
ಎದೆಯ ಮೇಲಿನ ನಕ್ಷತ್ರಗಳು ಒತ್ತೊತ್ತಾಗಿ
ಮುಖ ಸಣ್ಣಗೆ ಮಾಡಿಕೊಂಡವು.

ಆಗಸ್ಟಿನವರೆಗೂ ಅದನ್ನೇ ತೊಟ್ಟ.
ಬಂದರಿನಲ್ಲಿ ಸಿಕ್ಕಸಿಕ್ಕವರಿಗೆ ಎದೆ ತಟ್ಟಿ ತೋರಿಸಿದನಂತೆ:
ನೋಡು, ಮೊದಲಿದ್ದ ಹಾಗೇ ಇದೆ.

ಅವನ ಹೆಸರಿನ ಮುಂದೆ ಹನ್ನೆರಡೇ ಇರಲಿ, ಒರೆಸಬೇಡ.
ಇನ್ನು ಯಾಕೆ ನನ್ನ ಮುಖ ನೋಡುತ್ತೀ?
ನೀರು ಆರುತ್ತಿದೆ, ಮೆರನ್.
ಮಣಿಕಟ್ಟು.